ಪರಭಾಷೆಯಲ್ಲಿ ಪಕ್ಷ ವಹಿಸುವ ವಿದ್ಯೆ

ಕಲಿತ ಭಾಷೆಯೊಂದರಲ್ಲಿ ಅಭಿಪ್ರಾಯವನ್ನು ಎತ್ತಿಹಿಡಿದು, ಕೇಳುವವರು ತಲೆದೂಗುವಂತೆ ಮಾತನಾಡಲು ಹುಡುಗರನ್ನು ತಯಾರು ಮಾಡುವ ಪಾಠಕ್ರಮಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯಿದೆ. ಅದರ ವಿವರವಾದ ದಾಖಲೆ ಮೊದಲು ಸಿಗುವುದು ಪ್ರಾಚೀನ ರೋಮಿನಲ್ಲಿ. ಕ್ರಿ.ಪೂ. 2ನೆಯ ಶತಮಾನದಲ್ಲಿ ರೋಮನ್ ಸೈನ್ಯ ಗ್ರೀಕ್ ನಾಡುಗಳನ್ನು ಗೆದ್ದಿತು. ಗೆದ್ದವರ ಮನೆಯ ಮಕ್ಕಳಿಗೆ ಪಾಠ ಹೇಳಲು ಸೋತ ನಾಡಿನ ಗುಲಾಮರೂ ಪಂಡಿತರೂ ಬಂದರು. ಸಿರಿವಂತರ ಮಗ ಅಕ್ಷರಾಭ್ಯಾಸದ ವಯಸ್ಸಿನಿಂದಲೇ ಗ್ರೀಕ್ ಕಲಿಯುತ್ತಿದ್ದ. ಮುಂದೆ ವಾಗ್ಮಿತೆಯ ಶಾಲೆಗೆ ಹೋದರೆ ಅಲ್ಲಿಯ ಪಾಠವೂ ಗ್ರೀಕಿನಲ್ಲೇ. ನ್ಯಾಯಸ್ಥಾನದಲ್ಲಿ, ಸೆನೆಟ್ಟಿನಲ್ಲಿ, ಜನರ ಮುಂದೆ ಅವನು ಆಡಬೇಕಾದದ್ದು ಲ್ಯಾಟಿನ್. ಆದರೆ ವಾದ ಹೂಡುವುದನ್ನು ಕಲಿಯುತ್ತಿದ್ದದ್ದು ಇನ್ನೊಬ್ಬರ ನುಡಿಯಲ್ಲಿ.

ಈ ಏರ್ಪಾಡನ್ನು ಕದಲಿಸಲು ಹೊರಟವನು ಲೂಸಿಯಸ್ ಪ್ಲೋಟಿಯಸ್ ಗ್ಯಾಲಸ್. ಕ್ರಿ.ಪೂ. 90ರ ದಶಕದಲ್ಲಿ ಅವನು ಲ್ಯಾಟಿನ್ನಿನಲ್ಲೇ ವಾಗ್ಮಿತೆ ಕಲಿಸುವ ಶಾಲೆ ತೆರೆದಾಗ ಹುಡುಗರು ಮುಗಿಬಿದ್ದರು. ಕ್ರಿ.ಪೂ. 92ರಲ್ಲಿ ಸೆನ್ಸರ್ ಪದವಿಯಲ್ಲಿದ್ದ ಡೊಮಿಷಿಯಸ್ ಅಹೆನೊಬಾರ್ಬಸ್ ಮತ್ತು ಲಿಸಿನಿಯಸ್ ಕ್ರಾಸಸ್ ಇಂಥ ಶಾಲೆಗಳ ವಿರುದ್ಧ ಪ್ರಕಟಣೆ ಹೊರಡಿಸಿದರು: ಹಿರಿಯರು ಹಾಕಿಕೊಟ್ಟ ಪದ್ಧತಿಗೆ ಇದು ಹೊರತು, ಹುಡುಗರು ಇಡೀ ದಿನ ಅಲ್ಲಿ ಸುಮ್ಮನೆ ಕಾಲ ಕಳೆಯುತ್ತಾರೆ, ಇದು ತಮಗೆ ಒಪ್ಪಿಗೆಯಿಲ್ಲ ಎಂಬುದು ಅದರ ಸಾರ. ಕ್ರಾಸಸ್ ಸ್ವತಃ ಆ ಕಾಲದ ದೊಡ್ಡ ವಾಗ್ಮಿ. ಗ್ರೀಕ್ ಕಲಿಯುವ ಖರ್ಚು ಭರಿಸಲಾಗದ ಮನೆಗಳ ಹುಡುಗರಿಗೂ ಮಾತಿನ ಆಯುಧ ಸಿಕ್ಕಿಬಿಡುತ್ತದೆ ಎಂಬ ಅಂಜಿಕೆ ಆ ಪ್ರಕಟಣೆಯ ಹಿಂದಿತ್ತೆಂದು ಹಲವು ಚರಿತ್ರಕಾರರು ಊಹಿಸುತ್ತಾರೆ. ಊಹೆ ಗಟ್ಟಿಯಾಗಿಯೇ ಇದೆ. ಮುಂದೆ ರೋಮಿನ ಹೆಸರಾಂತ ವಾಗ್ಮಿಯಾದ, ಆಗಿನ್ನೂ ಹದಿಹರೆಯದಲ್ಲಿದ್ದ ಸಿಸೆರೊಗೆ ಪ್ಲೋಟಿಯಸ್ಸನ ಶಾಲೆಗೆ ಹೋಗುವ ಆಸೆಯಿತ್ತು. ಗ್ರೀಕ್ ಅಭ್ಯಾಸದಿಂದಲೇ ಬುದ್ಧಿ ಹೆಚ್ಚು ಬಲಿಯುತ್ತದೆಂದು ತಿಳಿದವರು ಅವನನ್ನು ತಡೆದರು. ಆ ಕೊರಗನ್ನು ಅವನು ಮುಂದೆ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ.

ತಡೆದವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ತರುಣ ಸಿಸೆರೊ ದಿನವೂ ಭಾಷಣದ ಸಾಧನೆ ಮಾಡುತ್ತಿದ್ದ, ಹೆಚ್ಚಾಗಿ ಗ್ರೀಕಿನಲ್ಲಿ. ಅದಕ್ಕೆ ಅವನೇ ಎರಡು ಕಾರಣ ಹೇಳುತ್ತಾನೆ. ಗ್ರೀಕಿನ ಸೊಗಸು ಲ್ಯಾಟಿನ್ನಿಗೂ ಇಳಿಯುತ್ತದೆ ಎಂಬುದು ಒಂದು. ಗ್ರೀಕಿನಲ್ಲಿ ಆಡದಿದ್ದರೆ ಒಳ್ಳೆಯ ಗುರುಗಳು ತಿದ್ದಲಾರರು ಎಂಬುದು ಇನ್ನೊಂದು. ರೋಡ್ಸ್ ದ್ವೀಪದ ಗುರು ಅಪೊಲೋನಿಯಸ್ ಮೊಲೋನನಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಸಿಸೆರೊ ಅವನೆದುರು ಗ್ರೀಕಿನಲ್ಲಿ ಭಾಷಣ ಮಾಡಿದಾಗ ಉಳಿದವರೆಲ್ಲ ಹೊಗಳಿದರೂ ಗುರು ಬಹಳ ಹೊತ್ತು ಸುಮ್ಮನಿದ್ದನೆಂದೂ, ಗ್ರೀಸಿಗೆ ಉಳಿದಿದ್ದ ವಿದ್ಯೆ ವಾಗ್ಮಿತೆಗಳೂ ಈಗ ರೋಮಿನ ಪಾಲಾದವೆಂದು ಮರುಗಿದನೆಂದೂ ಜೀವನಚರಿತ್ರೆಕಾರ ಪ್ಲುಟಾರ್ಕ್ ಹೇಳುತ್ತಾನೆ. ಕಥೆಗೆ ಸ್ವಲ್ಪ ಬಣ್ಣ ಬಿದ್ದಿರಬಹುದು. ಹುಡುಗನಾಗಿದ್ದಾಗ ಹತ್ತಿದ ಈ ರೂಢಿ ಸಿಸೆರೊವನ್ನು ಬಿಡಲಿಲ್ಲ ಎಂಬುದಕ್ಕಂತೂ ಅವನ ಬರಹವೇ ಸಾಕ್ಷಿ. ಕ್ರಿ.ಪೂ. 49ರ ಮಾರ್ಚಿನಲ್ಲಿ ಸೀಸರ್ ಇಟಲಿಯನ್ನು ಕೈವಶ ಮಾಡಿಕೊಂಡಿದ್ದ. ಊರು ಬಿಡಬೇಕೋ ಉಳಿಯಬೇಕೋ ತಿಳಿಯದೆ ಕುಳಿತಿದ್ದ ಸಿಸೆರೊ ಗೆಳೆಯ ಅಟ್ಟಿಕಸನಿಗೆ ಒಂದು ಪತ್ರ ಬರೆದ. ಸರ್ವಾಧಿಕಾರಿಯ ಕೈಗೆ ಸಿಕ್ಕ ದೇಶದಲ್ಲಿ ಇರುವುದು ಸರಿಯೇ, ಅವನನ್ನು ಇಳಿಸಲು ಊರನ್ನೇ ಪಣಕ್ಕಿಡಬಹುದೇ ಎಂಬಂಥ ಪ್ರಶ್ನೆಗಳನ್ನು ಅದರಲ್ಲಿ ಗ್ರೀಕಿನಲ್ಲಿ ಪಟ್ಟಿಮಾಡಿ, ಗ್ರೀಕಿನಲ್ಲೂ ಲ್ಯಾಟಿನ್ನಿನಲ್ಲೂ ಎರಡು ಪಕ್ಷಗಳನ್ನೂ ತಾನೇ ವಾದಿಸುತ್ತ ಮನಸ್ಸನ್ನು ಹಗುರ ಮಾಡಿಕೊಳ್ಳುತ್ತಿದ್ದೇನೆಂದು ತಿಳಿಸಿದ. ಶಾಲೆಯ ಅಭ್ಯಾಸ ಪಾಠವೇ ಜೀವನ್ಮರಣದ ಯೋಚನೆಗೆ ಅಚ್ಚಾಗಿತ್ತು.

ಈ ಶಾಲೆಗಳ ಪಾಠಕ್ಕೆ ಗೊತ್ತಾದ ಮೆಟ್ಟಿಲುಗಳಿದ್ದವು. ‘ಪ್ರೊಗಿಮ್ನಾಸ್ಮಾಟ’ ಎಂದು ಹೆಸರಾದ ಈ ಪೂರ್ವಾಭ್ಯಾಸಗಳು ಕ್ರಿ.ಶ. 4ನೆಯ ಶತಮಾನದ ಆಫ್ತೋನಿಯಸ್ ಬರೆದ ಕೈಪಿಡಿಯಲ್ಲಿ 14 ಆಗಿವೆ. ಮೊದಲು ನೀತಿಕಥೆಯೊಂದನ್ನು ತನ್ನ ಮಾತಿನಲ್ಲಿ ಹೇಳುವುದು; ಆಮೇಲೆ ಸಣ್ಣ ಪ್ರಸಂಗ; ಜ್ಞಾನಿಯೊಬ್ಬನ ಮಾತನ್ನು ತೆಗೆದುಕೊಂಡು ಬೆಳೆಸುವುದು; ಹಳೆಯ ಕಥೆಯೊಂದು ನಂಬಲರ್ಹವಲ್ಲವೆಂದು ಖಂಡಿಸುವುದು, ಮತ್ತೆ ಅದೇ ಕಥೆಯನ್ನು ನಂಬಬಹುದೆಂದು ಸಮರ್ಥಿಸುವುದು; ಹೊಗಳಿಕೆ, ತೆಗಳಿಕೆ, ಹೋಲಿಕೆ; ಪುರಾಣದ ಪಾತ್ರವೊಂದು ಇಂಥ ಗಳಿಗೆಯಲ್ಲಿ ಏನೆನ್ನುತ್ತಿತ್ತೋ ಅದನ್ನು ಆಡುವುದು. ಒಂದು ಸಾಮಾನ್ಯ ಪ್ರಶ್ನೆಯ ಮೇಲೆ ನಿಲುವು ತಳೆದು ವಾದಿಸುವ ಕೆಲಸ ಬರುವುದು ಏಣಿಯ ತುದಿಯಲ್ಲಿ, ಕಡೆಯ ಪಾಠಕ್ಕೆ ಒಂದೇ ಮೆಟ್ಟಿಲು ಮುಂಚೆ. ಭಾಷೆ ಕೈಗೆ ಹತ್ತುವವರೆಗೆ ಹುಡುಗನ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಮದುವೆಯಾಗಬೇಕೇ ಬೇಡವೇ ಎಂಬುದು ಆ ಮೆಟ್ಟಿಲಿನ ಹೆಸರಾಂತ ಪ್ರಶ್ನೆ. ಹಳ್ಳಿಯ ಬದುಕು ಮೇಲೋ ಪಟ್ಟಣದ ಬದುಕು ಮೇಲೋ, ವಕೀಲ ಹೆಚ್ಚೋ ಸೈನಿಕ ಹೆಚ್ಚೋ ಎಂಬವನ್ನು ರೋಮಿನ ವಾಗ್ಮಿತೆಯ ಗುರು ಕ್ವಿಂಟಿಲಿಯನ್ ಉದಾಹರಿಸುತ್ತಾನೆ. ಕನ್ನಡ ಶಾಲೆಗಳ ಪ್ರಬಂಧ ಪುಸ್ತಕ ತಿರುವಿಹಾಕಿದವರಿಗೆ ಈ ಪಟ್ಟಿ ಹೊಸದೆನಿಸದು.

ಪೂರ್ವಾಭ್ಯಾಸ ಮುಗಿಸಿದವರಿಗೆ ‘ಸ್ವಾಸೋರಿಯಾ’ ಕಾದಿರುತ್ತಿತ್ತು. ಚರಿತ್ರೆಯದೋ ಪುರಾಣದ್ದೋ ಒಬ್ಬ ಪುರುಷ ಇಕ್ಕಟ್ಟಿನಲ್ಲಿದ್ದಾನೆ. ಅವನಿಗೆ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಒಪ್ಪಿಸುವಂತೆ ಬುದ್ಧಿ ಹೇಳಬೇಕು, ಇಲ್ಲವೆ ಅವನೇ ತಾನಾಗಿ ಯೋಚಿಸಬೇಕು. ವೇಷವಿಲ್ಲದೆ ಕುಳಿತು ಇಂದು ವಾಲಿಯ ಪರ, ನಾಳೆ ರಾಮನ ಪರ ಅರ್ಥ ಹೇಳುವ ತಾಳಮದ್ದಳೆಯ ಅರ್ಥಧಾರಿಯ ಕೆಲಸಕ್ಕೆ ಇದು ಬಹಳ ಹತ್ತಿರ. ಕೊರ್ಡೊಬಾದಲ್ಲಿ ಹುಟ್ಟಿದ ಹಿರಿಯ ಸೆನೆಕಾ ತಾನು ಕೇಳಿದ್ದ ಇಂಥ ಭಾಷಣಗಳ ತುಣುಕುಗಳನ್ನು ಇಳಿವಯಸ್ಸಿನಲ್ಲಿ, ಮಕ್ಕಳ ಕೋರಿಕೆಯಂತೆ, ನೆನಪಿನಿಂದ ಬರೆದಿಟ್ಟ. ಹರೆಯದಲ್ಲಿ ಎರಡು ಸಾವಿರ ಹೆಸರುಗಳನ್ನು ಒಮ್ಮೆ ಕೇಳಿ ಅದೇ ಕ್ರಮದಲ್ಲಿ ಹೇಳಬಲ್ಲವನಾಗಿದ್ದೆನೆಂದು ಅವನು ಕೊಚ್ಚಿಕೊಳ್ಳುತ್ತಾನೆ. ಅವನ ಸಂಗ್ರಹದಲ್ಲಿ ಉಳಿದುಬಂದ ಸ್ವಾಸೋರಿಯಾಗಳು ಏಳು. ಅಲೆಕ್ಸಾಂಡರ್ ಮಹಾಸಾಗರಕ್ಕೆ ಹಡಗು ಇಳಿಸಬೇಕೇ? ಥರ್ಮೊಪಿಲೆಯ ಕಣಿವೆಯಲ್ಲಿ 300 ಸ್ಪಾರ್ಟನ್ನರು, ಉಳಿದ ಗ್ರೀಕರು ಕಾಲ್ತೆಗೆದ ಮೇಲೂ, ನಿಲ್ಲಬೇಕೇ? ಅಗಮೆಮ್ನಾನ್ ಮಗಳನ್ನು ಬಲಿ ಕೊಡಬೇಕೇ? ಕೊನೆಯ ಎರಡು ಸಿಸೆರೊವಿಗೇ ಸಂಬಂಧಿಸಿದವು: ತನ್ನ ತಲೆ ಕೇಳುತ್ತಿರುವ ಆಂಟನಿಯ ಕಾಲು ಹಿಡಿಯಬೇಕೇ, ಬರೆದದ್ದನ್ನೆಲ್ಲ ಸುಟ್ಟರೆ ಜೀವ ಉಳಿಸುತ್ತೇನೆಂದು ಆಂಟನಿ ಹೇಳಿದರೆ ಸುಡಬೇಕೇ?

ಪುಸ್ತಕ ಸುಟ್ಟು ಬದುಕು ಎಂಬ ಪಕ್ಷವನ್ನು ವಹಿಸಿದವರು ಒಬ್ಬರೂ ತನಗೆ ಗೊತ್ತಿಲ್ಲ ಎಂದು ಸೆನೆಕಾ ಬರೆಯುತ್ತಾನೆ. ಎಲ್ಲರಿಗೂ ಸಿಸೆರೊನ ಪುಸ್ತಕಗಳ ಚಿಂತೆ, ಸಿಸೆರೊನ ಚಿಂತೆ ಯಾರಿಗೂ ಇಲ್ಲ ಎಂಬ ಚುಚ್ಚೂ ಅಲ್ಲಿದೆ. ಸಿಸೆರೊನನ್ನು ಕ್ರಿ.ಪೂ. 43ರಲ್ಲಿ ಕೊಲ್ಲಿಸಿದವರಲ್ಲಿ, ಮುಂದೆ ಚಕ್ರವರ್ತಿಯಾದ ಆಗಸ್ಟಸ್ಸನೂ ಒಬ್ಬ. ತರಗತಿಯಲ್ಲಿ ಮಾತ್ರ ತಪ್ಪೆಲ್ಲ ಆಂಟನಿಯ ತಲೆಗೆ. ಹಳೆಯ ಗಾಯವನ್ನು ಕೆದಕಿಯೂ ಕೆದಕದ ಹಾಗೆ ಮಾತನಾಡುವ ಉಪಾಯವನ್ನು ಹುಡುಗರು ಈ ಎರವಲು ಸನ್ನಿವೇಶಗಳಲ್ಲಿ ಕಲಿತರು. ಇವರಲ್ಲೊಬ್ಬ ಕವಿ ಓವಿಡ್. ನ್ಯಾಯಾಲಯದ ಮೊಕದ್ದಮೆಗಳಂಥ ಅಭ್ಯಾಸಗಳಿಗಿಂತ ಸ್ವಾಸೋರಿಯಾವೇ ಅವನಿಗೆ ಇಷ್ಟ, ತರ್ಕದ ಕಟ್ಟುನಿಟ್ಟು ಅವನಿಗೆ ಬೇಸರ ಎಂದು ಸೆನೆಕಾ ನೆನೆಯುತ್ತಾನೆ.

ಪಾಠ ನಡೆಯುತ್ತಿದ್ದ ಬಗೆಯನ್ನು ಕ್ವಿಂಟಿಲಿಯನ್ನನಷ್ಟು ಬಿಡಿಸಿ ಹೇಳಿದವರಿಲ್ಲ. ಸ್ಪೇನಿನ ಕಲಗೂರಿಸ್ ಊರಿನವನಾದ ಅವನಿಗೆ ಚಕ್ರವರ್ತಿ ವೆಸ್ಪಾಸಿಯನ್ ಬೊಕ್ಕಸದಿಂದ ಸಂಬಳ ಗೊತ್ತುಮಾಡಿದ್ದ. ಕ್ರಿ.ಶ. 95ರ ಸುಮಾರಿಗೆ ಬರೆದ ಅವನ ಗ್ರಂಥ 12 ಸಂಪುಟಗಳದ್ದು. ಮಗು ಮೊದಲು ಗ್ರೀಕ್ ಕಲಿಯಲಿ, ಲ್ಯಾಟಿನ್ ಬೇಡವೆಂದರೂ ಸುತ್ತಲಿನಿಂದ ಬಂದೇ ಬರುತ್ತದೆ, ಆದರೆ ಗ್ರೀಕೊಂದರಲ್ಲೇ ಬಹುಕಾಲ ಇಟ್ಟರೆ ನಾಲಗೆಗೆ ಪರದೇಶದ ಉಚ್ಚಾರ ಅಂಟುತ್ತದೆ ಎಂಬುದು ಅವನ ಸಲಹೆ. ವಾದದ ಪಾಠದಲ್ಲಿ ಗುರು ಮೊದಲು ವಿಷಯವನ್ನು ಹೋಳುಮಾಡಿ ಯಾವ ಅಂಶ ಎಲ್ಲಿ ಬರಬೇಕೆಂದು ತೋರಿಸಬೇಕು. ಹುಡುಗ ಬರೆಯಬೇಕು, ತಿದ್ದಿಸಿಕೊಳ್ಳಬೇಕು, ಬಾಯಿಪಾಠ ಮಾಡಿ ಎದ್ದು ನಿಂತು ಆಡಬೇಕು. ಕಲಿತಂತೆಲ್ಲ ಗುರುವಿನ ಆಸರೆ ಕಡಿಮೆಯಾಗಬೇಕು. ಸೀಸರನಾಗಿ, ಸಿಸೆರೊ ಆಗಿ, ಕೇಟೊ ಆಗಿ ಮಾತನಾಡುವ ಪಾಠ ಎಲ್ಲಕ್ಕಿಂತ ಕಷ್ಟವೆಂದು ಅವನ ಮತ. ಒಂದೇ ಸಲಹೆಯನ್ನು ಮೂವರೂ ಒಂದೇ ಬಗೆಯಲ್ಲಿ ಕೊಡಲಾರರಲ್ಲ. ಗೆಳೆಯ ಮಾತನಾಡುತ್ತಿರುವಾಗ ಉಳಿದ ಹುಡುಗರು ಕುಳಿತಲ್ಲಿಂದ ಜಿಗಿದೆದ್ದು ಚಪ್ಪಾಳೆ ತಟ್ಟುವುದನ್ನು ಮಾತ್ರ ಅವನು ಸಹಿಸುತ್ತಿರಲಿಲ್ಲ. ಕೇಳುವವರ ಕಣ್ಣು ಗುರುವಿನ ಮುಖದ ಮೇಲಿರಬೇಕು, ಒಳ್ಳೆಯದು ಯಾವುದು ಕೆಟ್ಟದ್ದು ಯಾವುದು ಅವನ ತೀರ್ಪಿನಿಂದ ತಿಳಿಯಬೇಕು.

ಈ ಪದ್ಧತಿಯನ್ನು ಗೇಲಿ ಮಾಡಿದವರೂ ಇದರಲ್ಲೇ ಬೆಳೆದವರು. ಕೇಟೊನ ಕೊನೆಯ ಭಾಷಣವನ್ನು ಬಾಯಿಪಾಠ ಮಾಡುವ ಕಾಟ ತಪ್ಪಿಸಿಕೊಳ್ಳಲು ಕಣ್ಣಿಗೆ ಎಣ್ಣೆ ಹಚ್ಚಿಕೊಂಡು ಕಣ್ಣುನೋವಿನ ನೆಪ ಹೂಡುತ್ತಿದ್ದುದನ್ನು ವಿಡಂಬನಕಾರ ಪರ್ಸಿಯಸ್ ಹೇಳುತ್ತಾನೆ. ಹುಡುಗರ ಬಾಯಲ್ಲಿ ಅದದೇ ಹ್ಯಾನಿಬಾಲನನ್ನು ಕೇಳಿ ಕೇಳಿ ಸಾಯುವ ಬಡ ಮೇಷ್ಟರ ಪಾಡು ಜೂವೆನಲನ ಪದ್ಯದಲ್ಲಿದೆ. ಚರಿತ್ರಕಾರ ಟ್ಯಾಸಿಟಸ್ಸನ ದೂರು ಇವಕ್ಕಿಂತ ಗಂಭೀರವಾದದ್ದು. ಗಣರಾಜ್ಯದ ಕಾಲದ ತರುಣ ನ್ಯಾಯಸ್ಥಾನದಲ್ಲಿ ಹಿರಿಯರ ಹಿಂದೆ ನಿಂತು ನಿಜವಾದ ಜಗಳಗಳಲ್ಲಿ ಮಾತು ಕಲಿಯುತ್ತಿದ್ದ. ಈಗಿನವನು ಎಂದೂ ನಡೆಯದ ಸಂಗತಿಗಳ ಬಗ್ಗೆ, ತನ್ನಷ್ಟೇ ಎಳೆಯರ ಎದುರು ಅರಚುತ್ತಾನೆ ಎಂಬುದು ಅವನ ಸಂವಾದ ಗ್ರಂಥದ ಪಾತ್ರವೊಂದು ಮಾಡುವ ಆಕ್ಷೇಪಣೆ. ನಿಜ ಪ್ರಶ್ನೆಗಳನ್ನು ಚಕ್ರವರ್ತಿಯೊಬ್ಬನೇ ತೀರ್ಮಾನಿಸುವ ರಾಜ್ಯದಲ್ಲಿ ಶಾಲೆಗೆ ಉಳಿದದ್ದು ಕಟ್ಟುಕಥೆ ಮಾತ್ರ. ಅದೂ ನಿರಪಾಯವಾಗಿರಲಿಲ್ಲ. ಸರ್ವಾಧಿಕಾರಿಯನ್ನು ತೆಗಳುವುದು ಶಾಲೆಗಳ ಸವಕಲು ವಿಷಯ. ಆ ವಿಷಯದ ಮೇಲೆ ಅಭ್ಯಾಸ ಭಾಷಣ ಮಾಡಿದ್ದಕ್ಕಾಗಿ ಕ್ಯಾರಿನಾಸ್ ಸೆಕುಂಡಸ್ ಎಂಬ ಗುರುವನ್ನು ಕಲಿಗುಲಾ ಗಡಿಪಾರು ಮಾಡಿದ. ಅಂಥದೇ ಮಾತಿಗಾಗಿ ಮ್ಯಾಟರ್ನಸ್ ಎಂಬವನಿಗೆ ಡೊಮಿಷಿಯನ್ ಮರಣದಂಡನೆ ಕೊಟ್ಟ. ಎರಡನ್ನೂ ಚರಿತ್ರಕಾರ ಕ್ಯಾಸಿಯಸ್ ಡಿಯೊ ದಾಖಲಿಸಿದ್ದಾನೆ. ಇದು ಪಾಠವಷ್ಟೇ, ನನ್ನ ಅಭಿಪ್ರಾಯವಲ್ಲ ಎಂಬ ಸಮಜಾಯಿಷಿ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ಸಾಮ್ರಾಜ್ಯ ಹರಡಿದಂತೆ ಈ ವಿದ್ಯೆಯ ವಿದ್ಯಾರ್ಥಿ ಎರಡನೆಯ ಭಾಷೆಯವನಷ್ಟೇ ಆಗಿರದೆ ಮೂರನೆಯ ಭಾಷೆಯವನೂ ಆದ. ಗ್ರೀಕ್ ಒಂದು ಸಾಲು, ಲ್ಯಾಟಿನ್ ಒಂದು ಸಾಲು ಎಂಬಂತೆ ಎದುರುಬದುರಾಗಿ ಬರೆದ ಸಂಭಾಷಣೆಯ ಪುಸ್ತಕಗಳು ಹುಟ್ಟಿಕೊಂಡವು. ಬೆಳಗ್ಗೆ ಎದ್ದು ಮುಖ ತೊಳೆದು ಶಾಲೆಗೆ ಹೋಗುವುದು, ಸಾಲ ಕೇಳುವುದು, ಜಗಳವಾಡುವುದು, ನೆಪ ಹೇಳುವುದು ಎಲ್ಲಕ್ಕೂ ಅವುಗಳಲ್ಲಿ ಸಿದ್ಧ ಮಾತುಗಳಿವೆ. ಯೂಫ್ರೆಟಿಸ್ ದಡದ ಸಮೊಸಾಟ ಊರಿನ ಲೂಸಿಯನ್, ತನಗೆ ಗ್ರೀಕ್ ಸರಿಯಾಗಿ ಬಾರದ ಕಾಲವೂ ಇತ್ತೆಂದು ತಾನೇ ಹಾಸ್ಯ ಮಾಡಿಕೊಳ್ಳುತ್ತ ಗ್ರೀಕ್ ಗದ್ಯದ ದೊಡ್ಡ ಹೆಸರಾದ. ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಕ್ರಿ.ಶ. 354ರಲ್ಲಿ ಹುಟ್ಟಿದ ಅಗಸ್ಟೀನ್, ಜೂನೊ ದೇವತೆಯ ಸಿಟ್ಟು ದುಃಖಗಳನ್ನು ಅವಳದೇ ಬಾಯಿಂದ ಬಂದಂತೆ ಗದ್ಯದಲ್ಲಿ ಆಡಿ ತರಗತಿಯ ಮೆಚ್ಚುಗೆ ಗಳಿಸಿದ್ದನ್ನು ಆತ್ಮಕಥೆಯಲ್ಲಿ ಕಹಿಯಾಗಿ ನೆನೆಯುತ್ತಾನೆ. ಬೆತ್ತದ ಭಯದಲ್ಲಿ ಕಲಿತ ಗ್ರೀಕ್ ಅವನಿಗೆ ಎಂದೂ ಒಲಿಯಲಿಲ್ಲ. ಕ್ರಿ.ಶ. 384ರಲ್ಲಿ ಮಿಲಾನಿನಲ್ಲಿ ವಾಗ್ಮಿತೆಯ ಗುರುವಾಗಿ ನೇಮಕಗೊಂಡ ಮೇಲೂ ಇಟಲಿಯವರು ಅವನ ಲ್ಯಾಟಿನ್ ಉಚ್ಚಾರದಲ್ಲಿ ತಪ್ಪು ಹುಡುಕುತ್ತಿದ್ದರು.

ಲ್ಯಾಟಿನ್ ಯಾರ ಮನೆಮಾತೂ ಆಗಿ ಉಳಿಯದ ಕಾಲದಲ್ಲಿ ಈ ಪಾಠಕ್ರಮ ಮತ್ತೆ ಚಿಗುರಿತು. 1416ರಲ್ಲಿ ಪೊಜ್ಜೊ ಬ್ರಾಚ್ಚೊಲೀನಿ ಸೇಂಟ್ ಗಾಲ್ ಮಠದಲ್ಲಿ ಕ್ವಿಂಟಿಲಿಯನ್ನನ ಗ್ರಂಥದ ಪೂರ್ಣ ಪ್ರತಿಯೊಂದನ್ನು ಪತ್ತೆಹಚ್ಚಿದ. ಮುಂದಿನ ಎರಡು ಶತಮಾನ ಯುರೋಪಿನ ಲ್ಯಾಟಿನ್ ಶಾಲೆಗಳು ಆ ಗ್ರಂಥವನ್ನೂ ಆಫ್ತೋನಿಯಸ್ಸನ ಕೈಪಿಡಿಯ ಲ್ಯಾಟಿನ್ ಅನುವಾದವನ್ನೂ ನೆಚ್ಚಿಕೊಂಡವು. ಇವುಗಳ ಜೊತೆಗೆ ಡಚ್ ಪಂಡಿತ ಎರಾಸ್ಮಸ್ಸನ ಪಠ್ಯಗಳು ಬಂದವು. 1512ರ ಅವನ ಪುಸ್ತಕವೊಂದು, ‘ನಿಮ್ಮ ಪತ್ರ ನನಗೆ ಸಂತೋಷ ತಂದಿತು’ ಎಂಬ ಸಾಧಾರಣ ವಾಕ್ಯವನ್ನು ಸುಮಾರು 150 ಬಗೆಯಲ್ಲಿ ಹೇಳಿ ತೋರಿಸುತ್ತದೆ. ಹೇಳಬೇಕಾದ್ದು ಹೊಳೆದರೂ ನುಡಿ ಒದಗದೆ ತಡವರಿಸುವ ಪರಭಾಷೆಯವನ ಕಷ್ಟಕ್ಕೆ ಅದು ಮದ್ದು. ಹುಡುಗರು ತಮ್ಮ ತಮ್ಮಲ್ಲೂ ಲ್ಯಾಟಿನ್ನಿನಲ್ಲೇ ಮಾತನಾಡಬೇಕೆಂಬ ನಿಯಮ ಬಹಳ ಶಾಲೆಗಳಲ್ಲಿತ್ತು. ಮನೆಮಾತು ಆಡಿದವರ ಮೇಲೆ ಚಾಡಿ ಹೇಳಲು ಹುಡುಗರಲ್ಲೇ ಒಬ್ಬನನ್ನು ನೇಮಿಸುತ್ತಿದ್ದರು. ಜರ್ಮನ್ ಶಾಲೆಗಳಲ್ಲಿ ಅವನಿಗೆ ತೋಳ ಎಂದೇ ಹೆಸರು. ಕನ್ನಡ ಆಡಿದರೆ ದಂಡ ಹಾಕುವ ಇಂದಿನ ಇಂಗ್ಲಿಷ್ ಶಾಲೆಗಳ ವಂಶವೃಕ್ಷ ಸಾಕಷ್ಟು ಹಳೆಯದೇ.

ಎರಾಸ್ಮಸ್ ತನ್ನ ಶಿಷ್ಯ, ಇಂಗ್ಲೆಂಡಿನ ಮೌಂಟ್‌ಜಾಯ್ ಪ್ರಭುವಿಗಾಗಿ ಒಂದು ಮಾದರಿ ಬರೆದುಕೊಟ್ಟಿದ್ದ. ಮದುವೆ ಬೇಡವೆನ್ನುವ ತರುಣನನ್ನು ಮದುವೆಗೆ ಒಪ್ಪಿಸುವ ವಾದ ಅದು, ಹಳೆಯ ಗ್ರೀಕ್ ಶಾಲೆಗಳ ಪ್ರಶ್ನೆಯೇ. 1518ರಲ್ಲಿ ಅದು ಅಚ್ಚಾದಾಗ ಲೂವೆನ್ ವಿಶ್ವವಿದ್ಯಾಲಯದ ಧರ್ಮಪಂಡಿತರು ಸನ್ಯಾಸವನ್ನು ಕೀಳುಮಾಡಿದ್ದಾನೆಂದು ಹರಿಹಾಯ್ದರು. ಇದು ವಾದ ಕಲಿಸುವ ಪಾಠ, ಇದರ ಎದುರು ಪಕ್ಷವನ್ನೂ ತಾನು ಬರೆಯಬಲ್ಲೆ ಎಂಬುದು 1519ರ ಅವನ ಸಮರ್ಥನೆ. 1522ರ ಪತ್ರಲೇಖನದ ಪುಸ್ತಕದಲ್ಲಿ ಮದುವೆ ಬೇಡವೆನ್ನುವ ವಾದವನ್ನೂ ಕೊಟ್ಟ. ಅದು ಮೊದಲಿನದಕ್ಕಿಂತ ಬಹಳ ಚಿಕ್ಕದು, ಸಪ್ಪೆಯಾದದ್ದು. ಅವನ ಒಲವು ಯಾವ ಕಡೆಗಿತ್ತೆಂದು ಓದುಗರಿಗೆ ಬೇರೆ ಹೇಳಬೇಕಿರಲಿಲ್ಲ. ಕ್ಯಾರಿನಾಸನಿಗೆ ಆಸರೆಯಾಗದ ಗುರಾಣಿ ಎರಾಸ್ಮಸ್ಸನನ್ನು ಹೇಗೋ ಕಾಯಿತು.

1599ರ ‘ರಾಷಿಯೊ ಸ್ಟುಡಿಯೋರಮ್’ ಎಂಬ ನಿಯಮಾವಳಿಯ ಮೂಲಕ ಜೆಸ್ಯುಯಿಟ್ ಪಾದ್ರಿಗಳು ಲ್ಯಾಟಿನ್ ಭಾಷಣ, ವಾಗ್ವಾದಗಳನ್ನು ತಮ್ಮ ಎಲ್ಲ ಕಾಲೇಜುಗಳಿಗೂ ಕಡ್ಡಾಯ ಮಾಡಿದರು. ಅದಕ್ಕೂ ಮೊದಲೇ ಗೋವೆಯ ಸೇಂಟ್ ಪಾಲ್ ಕಾಲೇಜಿನಲ್ಲಿ ಏಷ್ಯಾ, ಆಫ್ರಿಕಗಳ ಹಲವು ನುಡಿಗಳ ಹುಡುಗರು ಲ್ಯಾಟಿನ್ ಕಲಿಯುತ್ತಿದ್ದರು. 1556ರಲ್ಲಿ ಗೋವೆಗೆ ಬಂದಿಳಿದ ಮುದ್ರಣಯಂತ್ರ ಮೊದಲು ಅಚ್ಚುಹಾಕಿದ್ದು ಆ ಕಾಲೇಜಿನ ವಾಗ್ವಾದಕ್ಕಿಟ್ಟ ಪ್ರತಿಪಾದನೆಗಳನ್ನು ಎಂದು ಪಾದ್ರಿಗಳ ಪತ್ರಗಳಿಂದ ತಿಳಿದುಬರುತ್ತದೆ. ಇಂಡಿಯಾದ ಮುದ್ರಣದ ಚರಿತ್ರೆ ಶುರುವಾಗುವುದು ಹೀಗೆ ಒಂದು ಚರ್ಚಾಕೂಟದ ಹಾಳೆಗಳಿಂದ.

ಯುರೋಪಿನಲ್ಲಿ ಲ್ಯಾಟಿನ್ನಿನ ಹಿಡಿತ ಸಡಿಲವಾದಾಗ ಈ ಪದ್ಧತಿಯನ್ನು ಇಂಗ್ಲಿಷಿಗೆ ತಿರುಗಿಸಿದವರಲ್ಲಿ ಇಂಗ್ಲಿಷ್ ಮನೆಮಾತಾಗಿರದ ಸ್ಕಾಟ್ಲೆಂಡಿನವರು ಮುಂದಿದ್ದರು. 1707ರಲ್ಲಿ ಇಂಗ್ಲೆಂಡಿನ ಜೊತೆ ಒಂದಾದ ಮೇಲೆ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಸ್ಕಾಟ್ಸ್ ನುಡಿಯ ಧಾಟಿ ನಗೆಪಾಟಲಾಗತೊಡಗಿತ್ತು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಬರವಣಿಗೆಯಲ್ಲಿ ನುಸುಳಬಾರದ ಸ್ಕಾಟ್ಸ್ ಪ್ರಯೋಗಗಳ ಪಟ್ಟಿಯನ್ನೇ ಮಾಡಿದ. 1754ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ ಸೆಲೆಕ್ಟ್ ಸೊಸೈಟಿಯ ಗೊತ್ತುಗುರಿಯೇ ಚರ್ಚೆ. ಯಾವ ವಿಷಯವನ್ನಾದರೂ ಎತ್ತಬಹುದು. ದೈವದತ್ತ ಧರ್ಮವನ್ನೂ, ಪದಚ್ಯುತ ಸ್ಟುವರ್ಟ್ ರಾಜವಂಶದ ಪರವಾದ ಮಾತನ್ನೂ ಮಾತ್ರ ಎತ್ತುವಂತಿಲ್ಲ. ಸದಸ್ಯರಾಗಿದ್ದ ಹ್ಯೂಮ್, ಆ್ಯಡಮ್ ಸ್ಮಿತ್ ಇಬ್ಬರೂ ಅಲ್ಲಿ ಬಾಯಿ ಬಿಟ್ಟದ್ದು ಅಪರೂಪವೆಂದು ಸಮಕಾಲೀನರು ಬರೆದಿದ್ದಾರೆ. 1761ರಲ್ಲಿ ಐರ್ಲೆಂಡಿನ ನಟ ಥಾಮಸ್ ಶೆರಿಡನ್ ಎಡಿನ್‌ಬರೋಗೆ ಬಂದು ಇಂಗ್ಲಿಷ್ ಉಚ್ಚಾರದ ಮೇಲೆ ಉಪನ್ಯಾಸ ಕೊಟ್ಟಾಗ ಊರಿನ ಗಣ್ಯರೆಲ್ಲ ವಿದ್ಯಾರ್ಥಿಗಳಂತೆ ಕುಳಿತು ಕೇಳಿದರು. ಐರಿಷ್ ಧಾಟಿಯವನಿಂದ ಸ್ಕಾಟರಿಗೆ ಇಂಗ್ಲಿಷ್ ಪಾಠ! ಅದೇ ವರ್ಷ ಇಂಗ್ಲಿಷ್ ಓದು, ಮಾತುಗಳನ್ನು ಸ್ಕಾಟ್ಲೆಂಡಿನಲ್ಲಿ ಬೆಳೆಸಲು ಸಂಘವೂ ಸ್ಥಾಪನೆಯಾಯಿತು. ಹ್ಯೂ ಬ್ಲೇರ್ ಎಡಿನ್‌ಬರೋದಲ್ಲಿ ಕೊಟ್ಟ ವಾಗ್ಮಿತೆಯ ಉಪನ್ಯಾಸಗಳು 1783ರಲ್ಲಿ ಅಚ್ಚಾಗಿ, ಇಂಗ್ಲಿಷ್ ಕಲಿಸುವ ಊರುಗಳಲ್ಲೆಲ್ಲ ಬಹುಕಾಲ ಪಠ್ಯವಾಗಿದ್ದವು.

ಸ್ಕಾಟ್ಲೆಂಡಿನಿಂದ ಕಲ್ಕತ್ತೆಗೆ ಈ ವಿದ್ಯೆ ಸಾಗಿದ ದಾರಿಯನ್ನು ಒಬ್ಬ ಮೇಷ್ಟರ ಹೆಸರಿನಿಂದಲೇ ಗುರುತಿಸಬಹುದು. ಸ್ಕಾಟನಾದ ಡೇವಿಡ್ ಡ್ರಮಂಡ್ ಕಲ್ಕತ್ತೆಯಲ್ಲಿ ಧರ್ಮತಲಾ ಅಕಾಡೆಮಿ ನಡೆಸುತ್ತಿದ್ದ. ಯುರೋಪಿಯನ್, ಯುರೇಷಿಯನ್, ಭಾರತೀಯ ಹುಡುಗರು ಅಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ವರ್ಷಕ್ಕೊಮ್ಮೆ ಸಾರ್ವಜನಿಕರೆದುರು ಪರೀಕ್ಷೆ, ವಾಚನ. 1809ರಲ್ಲಿ ಹುಟ್ಟಿದ ಹೆನ್ರಿ ಲೂಯಿ ವಿವಿಯನ್ ಡೆರೋಜಿಯೊ ಆ ಶಾಲೆಯಲ್ಲಿ ಬೆಳೆದವನು. ಹದಿಹರೆಯ ಮುಗಿಯುವ ಮೊದಲೇ ಅವನು ಹಿಂದೂ ಕಾಲೇಜಿನಲ್ಲಿ ಅಧ್ಯಾಪಕನಾದ. 1817ರಲ್ಲಿ ಶುರುವಾದ ಆ ಕಾಲೇಜಿನ ವಿದ್ಯಾರ್ಥಿಗಳು ಮೇಲ್ಜಾತಿಯ ಬಂಗಾಳಿ ಮನೆಗಳವರು, ಇಂಗ್ಲಿಷನ್ನು ಪುಸ್ತಕದಿಂದ ಕಲಿತವರು. 1828ರಲ್ಲಿ ಡೆರೋಜಿಯೊ ಅವರನ್ನು ಸೇರಿಸಿ ಅಕಾಡೆಮಿಕ್ ಅಸೋಸಿಯೇಷನ್ ಕಟ್ಟಿದ. ವಿಧಿ ದೊಡ್ಡದೋ ಸಂಕಲ್ಪ ದೊಡ್ಡದೋ, ಸದ್ಗುಣ ಎಂದರೇನು, ದೇಶಪ್ರೇಮ, ದೇವರಿದ್ದಾನೆಂಬುದಕ್ಕೆ ಮತ್ತು ಇಲ್ಲವೆಂಬುದಕ್ಕೆ ಇರುವ ವಾದಗಳು, ಇವೆಲ್ಲ ಮಾಣಿಕತಲಾದ ತೋಟದ ಮನೆಯ ಸಭೆಗಳಲ್ಲಿ ಚರ್ಚೆಗೆ ಬಂದವು. ಸೆಲೆಕ್ಟ್ ಸೊಸೈಟಿ ಬಾಗಿಲು ಹಾಕಿದ್ದ ವಿಷಯಗಳೇ ಇಲ್ಲಿ ಒಳಬಂದಿದ್ದವು.

ಬಂಗಾಳಿಯಲ್ಲಿ ತಂದೆಯ ಎದುರು ಎತ್ತಲಾಗದ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಗೆಳೆಯರ ಎದುರು ಎತ್ತಲು ಸಾಧ್ಯವಾಯಿತು. ಮನೆಮಾತಿನಲ್ಲಿ ಪ್ರತಿಯೊಂದು ಸಂಬೋಧನೆಗೂ ಹಿರಿಯ ಕಿರಿಯರ ಲೆಕ್ಕವಿರುತ್ತದೆ; ಕಲಿತ ಭಾಷೆಯಲ್ಲಿ ಆ ಲೆಕ್ಕ ಅಷ್ಟಾಗಿ ಕಾಡುವುದಿಲ್ಲ. ಆದರೆ ತೋಟದ ಮನೆಯ ಮಾತು ಅಲ್ಲೇ ಉಳಿಯಲಿಲ್ಲ. ಹುಡುಗರು ಮನೆಯಲ್ಲಿ ಆಚಾರಗಳನ್ನು ಪ್ರಶ್ನಿಸತೊಡಗಿದರು, ನಿಷಿದ್ಧವಾದದ್ದನ್ನು ತಿಂದರು. 1831ರ ಏಪ್ರಿಲಿನಲ್ಲಿ ಕಾಲೇಜಿನ ಆಡಳಿತ ಸಮಿತಿ ಡೆರೋಜಿಯೊನನ್ನು ತೆಗೆಯಲು ನಿರ್ಧರಿಸಿತು. ಅವನು ರಾಜೀನಾಮೆ ಕೊಟ್ಟ. ದೇವರಿಲ್ಲವೆಂದು ಕಲಿಸಿದೆಯಾ, ತಂದೆತಾಯಿಗೆ ವಿಧೇಯರಾಗಬೇಕಿಲ್ಲವೆಂದು ಹೇಳಿದೆಯಾ ಎಂದು ಸಮಿತಿಯ ಸದಸ್ಯ ಎಚ್. ಎಚ್. ವಿಲ್ಸನ್ ಪತ್ರ ಬರೆದು ಕೇಳಿದಾಗ ಡೆರೋಜಿಯೊ ಕೊಟ್ಟ ಉತ್ತರ ಪ್ರಸಿದ್ಧವಾಗಿದೆ. ಹ್ಯೂಮನ ಸಂದೇಹಗಳನ್ನು ಹುಡುಗರಿಗೆ ಪರಿಚಯಿಸಿದಂತೆಯೇ ಅವಕ್ಕೆ ಥಾಮಸ್ ರೀಡ್, ಡುಗಾಲ್ಡ್ ಸ್ಟುವರ್ಟ್ ಕೊಟ್ಟ ಸಮಾಧಾನಗಳನ್ನೂ ಪರಿಚಯಿಸಿದ್ದೇನೆ, ಒಂದೇ ಪಕ್ಷ ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ತಪ್ಪಾಗುತ್ತಿತ್ತು ಎಂಬುದು ಅದರ ತಿರುಳು. ಮೂವರೂ ಸ್ಕಾಟ್ಲೆಂಡಿನವರೇ. ಎರಾಸ್ಮಸ್ಸನ ಸಮರ್ಥನೆಯೇ ಕಲ್ಕತ್ತೆಯಲ್ಲಿ ಮರುಹುಟ್ಟು ಪಡೆದಂತಿದ್ದರೂ ಇಲ್ಲಿ ಅದು ಫಲಿಸಲಿಲ್ಲ. ಅದೇ ಡಿಸೆಂಬರಿನಲ್ಲಿ ಕಾಲರಾ ತಗುಲಿ ಡೆರೋಜಿಯೊ ತೀರಿಕೊಂಡ. ಆಗ ಅವನಿಗೆ 22 ವರ್ಷ.

ಶಿಷ್ಯರು ನಿಲ್ಲಲಿಲ್ಲ. 1838ರಲ್ಲಿ ಅವರು ಸಾಮಾನ್ಯ ಜ್ಞಾನಾರ್ಜನೆಗೆಂದು ಇನ್ನೊಂದು ಸಂಘ ಕಟ್ಟಿದರು. 1843ರ ಫೆಬ್ರವರಿಯ ಸಭೆಯಲ್ಲಿ ದಕ್ಷಿಣಾರಂಜನ ಮುಖರ್ಜಿ ಕಂಪನಿ ಸರಕಾರದ ನ್ಯಾಯಾಲಯ, ಪೊಲೀಸ್ ವ್ಯವಸ್ಥೆಗಳ ಮೇಲೆ ಪ್ರಬಂಧ ಓದುತ್ತಿದ್ದಾಗ ಹಿಂದೂ ಕಾಲೇಜಿನ ಪ್ರಾಂಶುಪಾಲ ಕ್ಯಾಪ್ಟನ್ ಡಿ. ಎಲ್. ರಿಚರ್ಡ್‌ಸನ್ ನಡುವೆ ಎದ್ದು, ಕಾಲೇಜಿನ ಸಭಾಂಗಣ ರಾಜದ್ರೋಹದ ಗುಹೆಯಾಗಲು ಬಿಡಲಾರೆನೆಂದು ಆಕ್ಷೇಪಿಸಿದ. ಷೇಕ್ಸ್‌ಪಿಯರನನ್ನು ಮನಮುಟ್ಟುವಂತೆ ಓದಿ ಕಲಿಸುತ್ತಿದ್ದವನೆಂದು ಇದೇ ಹುಡುಗರ ಪೀಳಿಗೆ ಅವನನ್ನು ಕೊಂಡಾಡಿತ್ತು. ಅಧ್ಯಕ್ಷತೆ ವಹಿಸಿದ್ದ ತಾರಾಚಂದ್ ಚಕ್ರವರ್ತಿ ಆ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಪಟ್ಟುಹಿಡಿದರು. ಆ ವರ್ಷವೇ ಬೆಂಗಾಲ್ ಬ್ರಿಟಿಷ್ ಇಂಡಿಯಾ ಸೊಸೈಟಿ ಎಂಬ ರಾಜಕೀಯ ಸಂಘ ಹುಟ್ಟಿತು. ಸೀಸರನನ್ನು ಕೊಂದ ಬ್ರೂಟಸ್ಸನ ಮಾತನ್ನು ಚೆನ್ನಾಗಿ ಒಪ್ಪಿಸಿದ ಹುಡುಗನಿಗೆ ಬಹುಮಾನ ಕೊಡುವ ಶಾಲೆ, ಅವನು ಬ್ರೂಟಸ್ಸನಂತೆ ಯೋಚಿಸಿದಾಗ ಬೆದರುತ್ತದೆ. ರೋಮಿನಿಂದ ಕಲ್ಕತ್ತೆಯವರೆಗೆ ಈ ಸಂಗತಿ ಬದಲಾಗಲಿಲ್ಲ.

ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ 1848ರಲ್ಲಿ ಶುರುವಾದ ವಿದ್ಯಾರ್ಥಿಗಳ ಸಾಹಿತ್ಯ ಮತ್ತು ವಿಜ್ಞಾನ ಸಂಘ ಬೇಗನೆ ಮರಾಠಿ, ಗುಜರಾತಿ ಶಾಖೆಗಳನ್ನು ತೆರೆಯಿತು. ಇಂಗ್ಲಿಷಿನಲ್ಲಿ ಪಳಗಿದ ನಾಲಗೆ ಮನೆಮಾತಿಗೆ ಹೊರಳಿದ್ದರ ಮೊದಲ ಗುರುತುಗಳಲ್ಲಿ ಇದೊಂದು. ಕನ್ನಡದಲ್ಲಿ ಆ ಹೊರಳು ತಡವಾಗಿ ಬಂತು. ಧಾರವಾಡದಲ್ಲಿ 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡದ ವೇದಿಕೆಯಾಯಿತು. 1911ರಲ್ಲಿ ಅಲ್ಲಿಗೆ ಬಂದ ಬಿ. ಎಂ. ಶ್ರೀಕಂಠಯ್ಯನವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಕೊಟ್ಟರು. ಅವರ ಹುದ್ದೆ ಇಂಗ್ಲಿಷ್ ಅಧ್ಯಾಪನ. ಕನ್ನಡದ ಪರ ವಾದ ಹೂಡಲು ಅವರು ಬಳಸಿದ್ದು ಕನ್ನಡವನ್ನು. ಅದೇ ದಶಕದ ಕೊನೆಯಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದ ಕರ್ಣಾಟಕ ಸಂಘ, ಎಲ್ಲ ಪಾಠಗಳನ್ನೂ ಇಂಗ್ಲಿಷಿನಲ್ಲಿ ಕೇಳುತ್ತಿದ್ದ ಹುಡುಗರಿಗೆ ಕನ್ನಡದಲ್ಲಿ ಬರೆಯುವ, ಮಾತನಾಡುವ ಎಡೆ ಮಾಡಿಕೊಟ್ಟಿತು. ‘ಪ್ರಬುದ್ಧ ಕರ್ಣಾಟಕ’ ಪತ್ರಿಕೆ ಹುಟ್ಟಿದ್ದು ಅಲ್ಲಿಂದ. ಪರ ವಿರೋಧ ಎಂದು ಎರಡು ಪಂಗಡ ಮಾಡಿ, ನಿಮಿಷ ಎಣಿಸಿ, ತೀರ್ಪುಗಾರರನ್ನು ಕೂರಿಸುವ ಚರ್ಚಾಸ್ಪರ್ಧೆ ಶಾಲೆಗಳಲ್ಲಿ ನೆಲೆಯೂರಿದ್ದು ಇಂಗ್ಲಿಷ್ ಕಾಲೇಜುಗಳ ಈ ದಾರಿಯಿಂದ. ವಿಜ್ಞಾನ ವರವೋ ಶಾಪವೋ ಎಂಬ ಪ್ರಶ್ನೆಗೆ ಹುಡುಗಿ ಯಾವ ಪಂಗಡಕ್ಕೆ ಬೀಳುತ್ತಾಳೋ ಅದೇ ಅವಳ ಅಭಿಪ್ರಾಯ.

20ನೆಯ ಶತಮಾನದ ನಡುವಿನಲ್ಲಿ ಭಾಷಾಬೋಧನೆ ಈ ಹಾದಿಯನ್ನೇ ಬಿಟ್ಟಿತು. ದಕ್ಷಿಣ ಭಾರತದ ಶಾಲೆಗಳಿಗೆ ಬಂದ ಸ್ಟ್ರಕ್ಚರಲ್ ಪದ್ಧತಿಯಲ್ಲಿ ಇಂಗ್ಲಿಷ್ ಎಂದರೆ ವಾಕ್ಯಗಳ ಅಚ್ಚು. ಮೇಷ್ಟರು ಪುಸ್ತಕ ಎತ್ತಿ ತೋರಿಸಿ ಇದು ಪುಸ್ತಕ ಎನ್ನಬೇಕು, ಮಕ್ಕಳು ಒಕ್ಕೊರಲಿನಲ್ಲಿ ಮತ್ತೆ ಹೇಳಬೇಕು. ಒಪ್ಪುವುದಕ್ಕಾಗಲಿ ಅಲ್ಲಗಳೆಯುವುದಕ್ಕಾಗಲಿ ಅಲ್ಲಿ ಏನೂ ಇರಲಿಲ್ಲ. ಈ ಪದ್ಧತಿಯಿಂದ ಬೇಸತ್ತು ಹುಟ್ಟಿದ ಪ್ರಯೋಗವೊಂದು ಬೆಂಗಳೂರಿನ ಹೆಸರಿನಲ್ಲೇ ಜಗತ್ತಿಗೆ ಪರಿಚಿತವಾಗಿದೆ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ವ್ಯಾಕರಣದ ಪಾಠವನ್ನು ಪಕ್ಕಕ್ಕಿಟ್ಟು, ನಕ್ಷೆ ಓದುವುದು, ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು ಇಂಥ ಕೆಲಸಗಳ ಮೂಲಕ ಇಂಗ್ಲಿಷ್ ಕಲಿಸಲಾಯಿತು. ಕೆಲಸಗಳನ್ನು ಅವರು ಮೂರು ಬಗೆಯಾಗಿ ವಿಂಗಡಿಸಿದರು: ಒಬ್ಬರಿಗೆ ಗೊತ್ತಿರುವ ಮಾಹಿತಿಯನ್ನು ಇನ್ನೊಬ್ಬರಿಗೆ ಮುಟ್ಟಿಸುವವು, ಕೊಟ್ಟ ಮಾಹಿತಿಯಿಂದ ತರ್ಕಿಸಿ ಹೊಸದನ್ನು ಕಂಡುಕೊಳ್ಳುವವು, ತನ್ನ ಅನಿಸಿಕೆಯನ್ನು ಹೇಳಿ ಸಮರ್ಥಿಸುವವು. ತರಗತಿಯಲ್ಲಿ ಅತ್ಯಂತ ಚೆನ್ನಾಗಿ ನಡೆದದ್ದು ಎರಡನೆಯ ಬಗೆ. ಮೂರನೆಯದರಲ್ಲಿ ಉತ್ತರ ಸರಿಯೋ ತಪ್ಪೋ ಎಂದು ಅಳೆಯಲು ಗಟ್ಟಿಯಾದದ್ದೇನೂ ಇರುವುದಿಲ್ಲ. ಎಳೆಯ ಕಲಿಕೆಯ ಮಕ್ಕಳು ಅಳುಕುತ್ತಾರೆ, ಇಲ್ಲವೆ ಕೇಳಿದ ಮಾತನ್ನೇ ಮತ್ತೆ ಹೇಳುತ್ತಾರೆ. ಪ್ರಭು ಅವರು 1987ರ ತಮ್ಮ ಪುಸ್ತಕದಲ್ಲಿ ಅನಿಸಿಕೆಯ ಪಾಠಗಳನ್ನು ಆರಂಭದವರಿಗಲ್ಲದೆ ಮುಂದುವರಿದವರಿಗೆ ತಕ್ಕವೆಂದು ಬಗೆದರು.